ಭಟ್ಟಿ ಬೂದಿ ರೇಡಾರ್ ಅಲೆ ಹೀರೀತೇ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಭತ್ತದ ಹೊಟ್ಟು ಉರಿಸುತ್ತೇವೆ, ಬೂದಿ ರಾಶಿ ಬೀಳುತ್ತದೆ. ಹೊಟ್ಟಿನ ಇಂಗಾಲದಿಂದ ರೇಡಾರ್ ಅಲೆ ಹೀರುವ ವಸ್ತು ಮಾಡುತ್ತಾರೆಂದು ವಿಡಿಯೊದಲ್ಲಿ ನೋಡಿದೆ. ನಮ್ಮ ಬೂದಿಗೂ ಬೆಲೆ ಬರುತ್ತದೆಯೇ ಸರ್? ಅದನ್ನು ಗೋಡೆಗೆ ಬಳಿದರೆ ಮೊಬೈಲ್ ಟವರ್ ವಿಕಿರಣ ತಡೆಯುತ್ತದಂತೆ, ಹೌದೇ?

ಉತ್ತರ: ವಿಡಿಯೊ ಹೇಳಿದ್ದು ಸುಳ್ಳಲ್ಲ. ಆದರೆ ಅದು ನಿಮ್ಮ ಬೂದಿಯ ವಿಷಯವಲ್ಲ. ಭಟ್ಟಿಯಲ್ಲಿ ಗಾಳಿ ಧಾರಾಳವಾಗಿ ಆಡುತ್ತದೆ, ಹಾಗಾಗಿ ಹೊಟ್ಟಿನ ಇಂಗಾಲ ಬಹುಪಾಲು ಉರಿದೇ ಹೋಗುತ್ತದೆ. ಉಳಿಯುವ ಬೂದಿ, ಅಂದರೆ ಹೊಟ್ಟಿನ ತೂಕದ ಸುಮಾರು ಐದನೇ ಒಂದು ಭಾಗ, ಹೆಚ್ಚಿನಂಶ ಸಿಲಿಕಾ. ರೇಡಾರ್, ಮೊಬೈಲ್ ಬಳಸುವ ಮೈಕ್ರೋವೇವ್ ಅಲೆಗಳು ಅದನ್ನು ಸಲೀಸಾಗಿ ದಾಟುತ್ತವೆ. ಒಂದು ಚಿಟಿಕೆ ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬಿಳಿಚಿಕೊಂಡು ತರಿತರಿಯಾಗಿದ್ದರೆ ಅದು ಸಿಲಿಕಾ. ಬೆರಳಿಗೆ ಮಸಿ ಹತ್ತಿದರೆ ಸ್ವಲ್ಪ ಇಂಗಾಲ ಇನ್ನೂ ಉಳಿದಿದೆ ಎಂದರ್ಥ.

ಪ್ರಯೋಗಾಲಯದಲ್ಲಿ ಇದೇ ಹೊಟ್ಟನ್ನು ಗಾಳಿ ತಾಗದಂತೆ, ನೈಟ್ರೋಜನ್ ಹರಿಸುತ್ತ, ಸಾಮಾನ್ಯವಾಗಿ 600ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಆಗ ಹೊಟ್ಟು ಉರಿಯುವುದಿಲ್ಲ, ಇದ್ದಿಲಾಗುತ್ತದೆ. ಅದರೊಳಗಿನ ಸಿಲಿಕಾವನ್ನು ಕ್ಷಾರದಲ್ಲಿ ಕರಗಿಸಿ ತೆಗೆದರೆ ಅದಿದ್ದ ಜಾಗದಲ್ಲೆಲ್ಲ ರಂಧ್ರ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ತೆಂಗಿನ ಚಿಪ್ಪು, ಅಡಿಕೆ ಸಿಪ್ಪೆಯಿಂದಲೂ ಇಂಥ ಇಂಗಾಲ ಮಾಡಬಹುದು.

ಕಷ್ಟವಿರುವುದು ಹದದಲ್ಲಿ. ಕಾವು ಕಡಿಮೆಯಾದರೆ ಇಂಗಾಲದಲ್ಲಿ ವಿದ್ಯುತ್ ಹರಿಯುವುದಿಲ್ಲ, ಅಲೆ ಸುಮ್ಮನೆ ದಾಟಿಹೋಗುತ್ತದೆ. ಕಾವು ಅತಿಯಾದರೆ ಅದು ಗ್ರಾಫೈಟ್ ಕಡೆಗೆ ವಾಲಿ ವಿದ್ಯುತ್ ಚೆನ್ನಾಗಿ ಹರಿಸುತ್ತದೆ, ಆಗ ಅಲೆ ಒಳಗೆ ಹೋಗುವ ಬದಲು ಲೋಹದ ತಗಡಿಗೆ ಬಡಿದಂತೆ ವಾಪಸಾಗುತ್ತದೆ. ಮಳೆನೀರು ಇಂಗಬೇಕಾದರೆ ನೆಲದ ಮೇಲ್ಪದರ ಮೊದಲು ಅದನ್ನು ಒಳಗೆ ಬಿಟ್ಟುಕೊಳ್ಳಬೇಕಲ್ಲ, ಇದೂ ಹಾಗೆಯೇ. ಬಯಲಿನಲ್ಲಿ ಅಲೆಗಿರುವ ಪ್ರತಿಬಾಧೆ (ಇಂಪೀಡೆನ್ಸ್, ಅಲೆಗೆ ಎದುರಾಗುವ ತಡೆ ಎನ್ನಿ) ಸುಮಾರು 377 ಓಮ್. ವಸ್ತುವಿನ ಮೇಲ್ಮೈಯ ಪ್ರತಿಬಾಧೆ ಅದರ ಹತ್ತಿರಕ್ಕೆ ಬಂದರೆ ಅಲೆ ಒಳಗಿಳಿಯುತ್ತದೆ. ರಂಧ್ರಗಳು ಇದಕ್ಕೆ ಸಹಾಯ ಮಾಡುತ್ತವೆ. ಒಳಗಿಳಿದ ಅಲೆಯ ಶಕ್ತಿ ಕೊನೆಗೆ ಶಾಖವಾಗುತ್ತದೆ. ಹದ ಕೂಡಿಸಲು ಕೆಲವರು ಕಬ್ಬಿಣ, ನಿಕ್ಕಲ್ ಕಣಗಳನ್ನೂ ಬೆರೆಸುತ್ತಾರೆ.

ಹಾಗಾದರೆ ವ್ಯಾಪಾರ? ಇಂಥ ವಸ್ತು ಕೊಳ್ಳುವವರಿಗೆ ಪ್ರತಿ ಲಾಟೂ ಒಂದೇ ತೆರನಾಗಿ ಇರಬೇಕು. ನಿಮ್ಮ ಹೊಟ್ಟು ಈ ವಾರ ಒಂದು ಮಿಲ್ಲಿನದು, ಮುಂದಿನ ವಾರ ಇನ್ನೊಂದರದು. ಅದಕ್ಕಾಗಿ ಕುಲುಮೆ ಕೊಳ್ಳುವ ಸಾಹಸ ಸದ್ಯಕ್ಕೆ ಬೇಡ ಎನ್ನುವುದು ನನ್ನ ಸಲಹೆ. ಹೊಟ್ಟಿನ ಬೂದಿಯನ್ನು ಉಕ್ಕಿನ ಕಾರ್ಖಾನೆಗಳು ಕರಗಿದ ಲೋಹದ ಕಾವು ಆರದಂತೆ ಮೇಲೆ ಹೊದಿಸಲು ಬಳಸುತ್ತವೆ, ಕಾಂಕ್ರೀಟಿನಲ್ಲೂ ಸಿಮೆಂಟಿನ ಒಂದಂಶಕ್ಕೆ ಬದಲಾಗಿ ಹಾಕುತ್ತಾರೆ. ಬೂದಿಗೆ ದಾರಿ ಹುಡುಕುವುದಾದರೆ ಅಲ್ಲಿ ವಿಚಾರಿಸಿ.

ಗೋಡೆಗೆ ಬಳಿಯುವುದಂತೂ ದುಡ್ಡು ದಂಡ. ಬೂದಿ ಅಲೆಯನ್ನು ತಡೆಯುವುದಿಲ್ಲ. ನಿಜಕ್ಕೂ ತಡೆಯುವ ಬಣ್ಣ ಬಳಿದಿರಿ ಎನ್ನಿ, ಕಿಟಕಿ ಬಾಗಿಲಿನಿಂದ ಅಲೆ ಬರುತ್ತಲೇ ಇರುತ್ತದೆ. ಸಿಗ್ನಲ್ ಸೊರಗಿದಷ್ಟೂ ನಿಮ್ಮ ಕಿವಿಯ ಪಕ್ಕದ ಫೋನೇ ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ!

ಪ್ರಶ್ನೆ: ಚಳ್ಳಕೆರೆಯವಳು, ಎಂ.ಎಸ್ಸಿ. ವಿದ್ಯಾರ್ಥಿನಿ. ಶೇಂಗಾ ಸಿಪ್ಪೆಯ ಇಂಗಾಲದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ರಿಫ್ಲೆಕ್ಷನ್ ಲಾಸ್ ಮೈನಸ್ 52 ಡೆಸಿಬೆಲ್ ಬಂದಿದೆ. ಇದು ದೊಡ್ಡ ಸಾಧನೆಯೇ?

ಉತ್ತರ: ಖುಷಿಪಡಮ್ಮ, ಆದರೆ ಆ ಒಂದು ಸಂಖ್ಯೆಗೆ ಮರುಳಾಗಬೇಡ. ಬಡಿದ ಅಲೆಯಲ್ಲಿ ಎಷ್ಟು ಕಡಿಮೆ ವಾಪಸಾಯಿತು ಎಂಬುದರ ಲೆಕ್ಕವೇ ರಿಫ್ಲೆಕ್ಷನ್ ಲಾಸ್. ಮೈನಸ್ 10 ಡೆಸಿಬೆಲ್ ಎಂದರೆ ಶೇ 90ರಷ್ಟು ಶಕ್ತಿ ವಾಪಸಾಗಲಿಲ್ಲ ಎಂದರ್ಥ, ಮೈನಸ್ 20 ಎಂದರೆ ಶೇ 99. ಅಲ್ಲಿಂದ 52ರವರೆಗೆ ಇಳಿದರೂ ಸಿಗುವ ಲಾಭ ಶೇ 1ಕ್ಕಿಂತ ಕಡಿಮೆ. ನಕ್ಷೆಯಲ್ಲಿ ಕಾಣುವ ಆ ಆಳದ ಗುಂಡಿ ಬರುವುದು ಪದರದ ಒಂದೇ ದಪ್ಪಕ್ಕೆ, ಒಂದೇ ಆವರ್ತನದಲ್ಲಿ. ದಪ್ಪ ಒಂದಿಷ್ಟು ಬದಲಾದರೆ ಗುಂಡಿ ಜಾಗ ಬದಲಿಸುತ್ತದೆ. ಎಷ್ಟು ಗಿಗಾಹರ್ಟ್ಸ್ ಅಗಲಕ್ಕೆ ಮೈನಸ್ 10ರ ಕೆಳಗಿದೆ, ಅದಕ್ಕೆ ಎಷ್ಟು ಮಿಲಿಮೀಟರ್ ದಪ್ಪ ಬೇಕಾಯಿತು, ಮಾದರಿ ಕಟ್ಟಲು ಬಳಸಿದ ಮೇಣದಲ್ಲಿ ಶೇಕಡಾ ಎಷ್ಟು ಇಂಗಾಲ ಬೆರೆಸಿದೆ, ಇವನ್ನು ಮುಂದಿಡು.

ಇನ್ನೊಂದು ಮಾತು. ನೀನು ಅಳೆದದ್ದು ಬಹುಶಃ ಹೊರವ್ಯಾಸ 7 ಮಿ.ಮೀ., ಒಳವ್ಯಾಸ 3.04 ಮಿ.ಮೀ.ನ ಮೇಣ-ಇಂಗಾಲದ ಉಂಗುರವನ್ನು. ಹಾಗಿದ್ದರೆ ಆ 52 ನೇರವಾಗಿ ಅಳೆದದ್ದಲ್ಲ, ಹಿಂದೆ ಲೋಹದ ತಗಡಿದೆ ಎಂದುಕೊಂಡು ಸೂತ್ರದಿಂದ ಲೆಕ್ಕ ಹಾಕಿದ್ದು. ಉಂಗುರ ಮತ್ತು ಅದನ್ನು ಕೂರಿಸುವ ಹೋಲ್ಡರ್ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಲೆಕ್ಕ ತಪ್ಪುತ್ತದೆ. ಬೇರೆ ಬೇರೆ ಉಂಗುರ ಮಾಡಿ ಅಳೆದು, ಸಾಧ್ಯವಾದರೆ ತಗಡಿನ ಮೇಲೆ ಇದೇ ಮಿಶ್ರಣದ ಚಪ್ಪಟೆ ಹಲಗೆಯನ್ನೇ ಕೂರಿಸಿ ಪರೀಕ್ಷಿಸಿ, ಆಮೇಲೆ ಗೈಡ್‌ಗೆ ತೋರಿಸು.