ದುಪ್ಪಟ್ಟು ಮಾಡಿ ಗುಣಿಸಿದವರು: ಗಣಿತ ಮೇಷ್ಟ್ರಿಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ನಾಲ್ಕನೇ ತರಗತಿ. ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. 7, 8ರ ಮಗ್ಗಿ ಅಂದರೆ ಮಾತ್ರ ಅಳು. ಪ್ರಾಚೀನ ಈಜಿಪ್ಟಿನವರು ಮಗ್ಗಿ ಇಲ್ಲದೆ ಗುಣಿಸುತ್ತಿದ್ದರಂತೆ. ಅದನ್ನು ಅವಳಿಗೆ ಹೇಳಿಕೊಡುವುದು ಹೇಗೆ?

ಉತ್ತರ: ಖಂಡಿತ ಹೇಳಿಕೊಡಿ ತಾಯಿ. ಕೂಡುವುದು ಬರುತ್ತದೆ ಅಂದಿರಲ್ಲ, ಅಷ್ಟು ಸಾಕು. ಆದರೆ ಶುರುವಿಗೇ ಪಿರಮಿಡ್, ಮಮ್ಮಿ ಅಂತ ಹೋಗಬೇಡಿ. ಮಗುವಿನ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಸುಮ್ನೆ ಒಂದು ಸಂಖ್ಯೆ ಕೊಟ್ಟು ದುಪ್ಪಟ್ಟು ಮಾಡಿಸಿ. 24 ಕೊಡಿ. 48, 96, 192 ಅಂತ ಅವಳೇ ಹೇಳಲಿ. ದುಪ್ಪಟ್ಟು ಮಾಡುವುದಕ್ಕೆ ಹೆದರುವ ಮಗುವನ್ನು ನಾನು ನೋಡಿಲ್ಲ.

ಈಗ 13 ಸಲ 24 ಎಷ್ಟು ಅಂತ ಕೇಳಿ. ಎಡಗಡೆ 1 ಬರೆದು ಬಲಗಡೆ 24 ಬರೆಯಲಿ. ಆಮೇಲೆ ಎರಡು ಕಡೆಯೂ ದುಪ್ಪಟ್ಟು:

/ 1 — 24
2 — 48
/ 4 — 96
/ 8 — 192

8ರ ಮುಂದೆ 16. ಅದು 13ನ್ನು ದಾಟುತ್ತದೆ, ಹಾಗಾಗಿ ಇಲ್ಲಿಗೆ ನಿಲ್ಲಿಸಬೇಕು. ಈಗ ಎಡಗಡೆಯ ಸಂಖ್ಯೆಗಳಿಂದ 13 ಮಾಡಬೇಕು. ದೊಡ್ಡದರಿಂದ ಶುರು ಮಾಡಲಿ. 13ರಲ್ಲಿ 8 ಹೋದರೆ 5, 5ರಲ್ಲಿ 4 ಹೋದರೆ 1. ಬೇಕಾದ ಸಾಲುಗಳು 8, 4 ಮತ್ತು 1. ಆ ಸಾಲುಗಳ ಪಕ್ಕ ಒಂದು ಓರೆ ಗೆರೆ ಹಾಕಿಸಿ. ಈಜಿಪ್ಟಿನ ಲಿಪಿಕಾರರೂ ಇಂಥದ್ದೇ ಗೆರೆ ಹಾಕುತ್ತಿದ್ದರು. ಗೆರೆ ಬಿದ್ದ ಸಾಲುಗಳ ಬಲಗಡೆ ಕೂಡಿದರೆ 24 + 96 + 192 = 312. ಉತ್ತರ ಬಂತು.

ಮಕ್ಕಳು ಸಾಮಾನ್ಯವಾಗಿ ಎಡವುವುದು ಎಡ ಬಲ ಕಲಸಿಕೊಂಡಾಗ. ಎಡಗಡೆ ‘ಎಷ್ಟು ಸಲ’, ಬಲಗಡೆ ‘ಎಷ್ಟಾಯಿತು’ ಅಂತ ಮೇಲೆ ಬರೆಸಿಬಿಡಿ. ಆ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಆಮೇಲೆ ಅದೇ ಲೆಕ್ಕವನ್ನು ತಿರುಗಿಸಿ ಕೊಡಿ, 24 ಸಲ 13. ಈಗ ಬಲಗಡೆ 13, 26, 52, 104, 208. 24 ಅಂದರೆ 16 + 8. ಎರಡೇ ಸಾಲು! 208 + 104 = 312. ಯಾವುದನ್ನು ದುಪ್ಪಟ್ಟು ಮಾಡಿದರೆ ಕೆಲಸ ಕಡಿಮೆ ಅಂತ ಮಗು ತಾನೇ ಯೋಚಿಸುವುದಕ್ಕೆ ಶುರು ಮಾಡುತ್ತದೆ. ನನಗೆ ಈ ವಿಧಾನದ ಮೇಲೆ ಇಷ್ಟು ಪ್ರೀತಿ ಇರುವುದೇ ಇದಕ್ಕೆ.

ಇದಿಷ್ಟು ಬಂದ ಮೇಲೆ ಚಿತ್ರದ ಸಂಖ್ಯೆಗಳಿಗೆ ಬನ್ನಿ. ಒಂದಕ್ಕೆ ನೆಟ್ಟಗಿನ ಗೆರೆ. ಹತ್ತಕ್ಕೆ ಕಮಾನು. ನೂರಕ್ಕೆ ಸುತ್ತಿಟ್ಟ ಹಗ್ಗ. ಸಾವಿರಕ್ಕೆ ನೈದಿಲೆ ಹೂವು, ಹತ್ತು ಸಾವಿರಕ್ಕೆ ಬೆರಳು, ಲಕ್ಷಕ್ಕೆ ಗೊದಮೊಟ್ಟೆ, ಹತ್ತು ಲಕ್ಷಕ್ಕೆ ಎರಡೂ ಕೈ ಎತ್ತಿ ಕೂತ ದೇವರು. 24 ಅಂದರೆ ಎರಡು ಕಮಾನು, ನಾಲ್ಕು ಗೆರೆ. ದುಪ್ಪಟ್ಟು ಮಾಡುವುದು ಅಂದರೆ ಇದ್ದ ಚಿತ್ರವನ್ನೇ ಇನ್ನೊಂದು ಸಲ ಬಿಡಿಸುವುದು. ನಾಲ್ಕು ಕಮಾನು, ಎಂಟು ಗೆರೆ: 48. ಮತ್ತೆ ದುಪ್ಪಟ್ಟು: ಎಂಟು ಕಮಾನು, ಹದಿನಾರು ಗೆರೆ. ಹತ್ತು ಗೆರೆ ಅಳಿಸಿ ಒಂದು ಕಮಾನು ಹಾಕಿ. ಒಂಬತ್ತು ಕಮಾನು, ಆರು ಗೆರೆ: 96. ಇನ್ನೊಂದು ಸಲ: ಹದಿನೆಂಟು ಕಮಾನು, ಹನ್ನೆರಡು ಗೆರೆ. ಹತ್ತು ಗೆರೆ ಹೋಗಿ ಕಮಾನು ಹತ್ತೊಂಬತ್ತಾಯಿತು. ಅದರಲ್ಲಿ ಹತ್ತು ಕಮಾನು ಹೋಗಿ ಒಂದು ಹಗ್ಗದ ಸುರುಳಿ ಬಂತು. ಒಂದು ಸುರುಳಿ, ಒಂಬತ್ತು ಕಮಾನು, ಎರಡು ಗೆರೆ: 192. ಕೂಡುವಾಗ ‘ದಶಕ’ ಮೇಲೆ ಹೋಗುತ್ತದೆ ಅಂತ ಶಾಲೆಯಲ್ಲಿ ಹೇಳುತ್ತಾರಲ್ಲ, ಅದು ಏನು ಅಂತ ಮಗುವಿಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ಮಾತು ಸರಿಯಾಗಿ ಹೇಳಿ. ಈ ಚಿತ್ರಗಳು ಹೆಚ್ಚಾಗಿ ಕಲ್ಲಿನ ಮೇಲಿನ ಬರಹದವು. ಪಪೈರಸ್ (ಜೊಂಡಿನಿಂದ ಮಾಡಿದ ಕಾಗದದಂಥ ಹಾಳೆ) ಮೇಲೆ ಲೆಕ್ಕ ಮಾಡುವವರು ಹೈರಾಟಿಕ್ ಅನ್ನುವ ವೇಗದ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅವರ ಬಳಿ ಕೋಷ್ಟಕಗಳೇ ಇರಲಿಲ್ಲ ಅಂತಲೂ ಹೇಳಬೇಡಿ. ಭಿನ್ನರಾಶಿಗಳಿಗೆ ಉದ್ದದ ಕೋಷ್ಟಕ ಇತ್ತು. ಹತ್ತರಿಂದ ಗುಣಿಸುವುದಂತೂ ಅವರಿಗೆ ಸಲೀಸು. ಗೆರೆ ಇದ್ದಲ್ಲಿ ಕಮಾನು, ಕಮಾನು ಇದ್ದಲ್ಲಿ ಸುರುಳಿ, ಮುಗಿಯಿತು.

ಮಗ್ಗಿ ಕಲಿಸುವುದನ್ನು ನಿಲ್ಲಿಸಬೇಡಿ. ಅದು ಬೇಕೇ ಬೇಕು. ಆದರೆ 8 ಸಲ 7 ಮರೆತಾಗ 7, 14, 28, 56 ಅಂತ ನಡೆದು ಹೋಗುವ ದಾರಿ ಅವಳಿಗೆ ಗೊತ್ತಿದ್ದರೆ ಅಳುವ ಕಾರಣ ಇರುವುದಿಲ್ಲ.

ಪ್ರಶ್ನೆ: ಎಡಗಡೆ 1, 2, 4, 8 ಮಾತ್ರ ಇರುತ್ತವೆ. ಯಾವ ಸಂಖ್ಯೆ ಕೊಟ್ಟರೂ ಇವುಗಳಿಂದ ಆಗಿಯೇ ಆಗುತ್ತದೆಯೇ? ನನ್ನ ವಿದ್ಯಾರ್ಥಿಯೊಬ್ಬ ಕೇಳಿದ, ನಾನು ‘ಆಗುತ್ತದೆ’ ಅಂತ ಮಾತ್ರ ಹೇಳಿದೆ.

ಉತ್ತರ: ಆ ಹುಡುಗನಿಗೆ ನನ್ನ ಶಹಭಾಸ್ ತಿಳಿಸಿ. ಇಡೀ ವಿಧಾನ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಐದು ಚೀಟಿಗಳ ಮೇಲೆ 1, 2, 4, 8, 16 ಬರೆದು ಕೊಡಿ. 1 ಇದ್ದರೆ ಒಂದು ಮಾಡಬಹುದು. 2ರ ಚೀಟಿ ಸೇರಿದರೆ 3ರವರೆಗೆ. ಈಗ 4 ಬಂತು. 4 ಒಂದೇ ಇಟ್ಟರೆ 4. ಅದಕ್ಕೆ ಹಿಂದಿನ 1, 2, 3 ಸೇರಿಸಿದರೆ 5, 6, 7. ಆಮೇಲೆ 8 ಬಂದರೆ 15ರವರೆಗೆ, 16 ಬಂದರೆ 31ರವರೆಗೆ. ಎಲ್ಲೂ ಒಂದು ಸಂಖ್ಯೆಯೂ ತಪ್ಪಿಹೋಗುವುದಿಲ್ಲ.

ಇನ್ನೊಂದು ಪಂಥ ಹಾಕಿ: ಒಂದೇ ಸಂಖ್ಯೆಯನ್ನು ಎರಡು ಬೇರೆ ರೀತಿಯಲ್ಲಿ ಮಾಡಿ ತೋರಿಸಲಿ. ಮಕ್ಕಳು ತುಂಬಾ ಹೊತ್ತು ಹುಡುಕುತ್ತಾರೆ. ಆಗುವುದಿಲ್ಲ. ಯಾಕೆ ಅಂದರೆ ಸಣ್ಣ ಚೀಟಿಗಳನ್ನೆಲ್ಲ ಕೂಡಿದರೂ ಮುಂದಿನ ಚೀಟಿಗಿಂತ ಒಂದು ಕಡಿಮೆಯೇ. 1 + 2 + 4 = 7, 8 ಆಗಲಿಲ್ಲ ಅಲ್ವಾ? ಹಾಗಾಗಿ ದೊಡ್ಡ ಚೀಟಿಯನ್ನು ಬಿಟ್ಟು ಸಣ್ಣವುಗಳಿಂದ ಆ ಜಾಗ ತುಂಬುವುದಕ್ಕೆ ಬರುವುದಿಲ್ಲ. ಕಂಪ್ಯೂಟರ್ ಒಳಗೆ ಸಂಖ್ಯೆಗಳನ್ನು ಇಡುವುದೂ ಇದೇ ಚೀಟಿಗಳ ಲೆಕ್ಕದಲ್ಲಿ. ಚೀಟಿ ಬೇಕಾದರೆ 1, ಬೇಡವಾದರೆ 0.

ಪ್ರಶ್ನೆ: ನಾನು ನೋಡಿದ ವಿಡಿಯೊದಲ್ಲಿ ಒಂದು ಕಡೆ ಅರ್ಧ ಮಾಡುತ್ತಾ, ಸಮಸಂಖ್ಯೆಯ ಸಾಲುಗಳನ್ನು ಹೊಡೆದುಹಾಕುತ್ತಿದ್ದರು. ಅದೂ ಈಜಿಪ್ಟಿನದೇ?

ಉತ್ತರ: ಅದನ್ನು ರಷ್ಯದ ರೈತರ ವಿಧಾನ ಅಂತ ಕರೆಯುವುದು ರೂಢಿ. ಒಳಗಿನ ಗಣಿತ ಒಂದೇ. 13, 6, 3, 1 ಅಂತ ಅರ್ಧ ಮಾಡಿ, 6ರ ಸಾಲು ಹೊಡೆದುಹಾಕಿದರೆ ಉಳಿಯುವುದು ಮೇಲಿನ ಅದೇ ಮೂರು ಸಾಲು. ಆದರೆ ಚಿಕ್ಕ ಮಕ್ಕಳಿಗೆ ಮೊದಲು ಅದನ್ನು ಕಲಿಸಬೇಡಿ. ಉಳಿದ ಒಂದನ್ನು ಯಾಕೆ ಬಿಟ್ಟೆವು, ಸಾಲು ಯಾಕೆ ಹೊಡೆದೆವು ಅಂತ ಗೊತ್ತಾಗದೆ ಬರೀ ಜಾದೂ ಆಗಿಬಿಡುತ್ತದೆ.

ಪ್ರಶ್ನೆ: ಭಾಗಾಕಾರ ಹೇಗೆ ಮಾಡುತ್ತಿದ್ದರು?

ಉತ್ತರ: ಅದೇ ಪಟ್ಟಿ, ಗೆರೆ ಹಾಕುವಾಗ ಬಲಗಡೆ ನೋಡಬೇಕು. 19ನ್ನು 8ರಿಂದ ಭಾಗಿಸಬೇಕಾದರೆ ‘8ರಿಂದ 19 ಮುಟ್ಟು’ ಅಂತ ಲೆಕ್ಕ. 1ಕ್ಕೆ 8, 2ಕ್ಕೆ 16. ದುಪ್ಪಟ್ಟು ಮಾಡಿದರೆ 19 ದಾಟುತ್ತದೆ, ಹಾಗಾಗಿ ಕೆಳಗೆ ಇಳಿಯುತ್ತಾರೆ: ಅರ್ಧಕ್ಕೆ 4, ಕಾಲಿಗೆ 2, ಅರೆಕಾಲಿಗೆ 1. 16 + 2 + 1 = 19. ಉತ್ತರ ಎರಡೂ ಕಾಲು ಮತ್ತು ಅರೆಕಾಲು.

ಪ್ರಶ್ನೆ: ನಿಜವಾಗಿ ಈಜಿಪ್ಟಿನವರು ಮಾಡಿದ ಒಂದು ಲೆಕ್ಕ ಬೇಕು. ಆರನೇ ತರಗತಿಯ ಮಕ್ಕಳಿಗೆ ಕೊಡಬೇಕು.

ಉತ್ತರ: ಅಹ್ಮೋಸ್ ಅನ್ನುವ ಲಿಪಿಕಾರ ಕ್ರಿ.ಪೂ. 1550ರ ಸುಮಾರಿಗೆ, ಇನ್ನೂ ಹಳೆಯ ಬರಹವೊಂದನ್ನು ನೋಡಿ ನಕಲು ಮಾಡಿದ ಪಪೈರಸ್ ಇದೆ. ಸ್ಕಾಟ್ಲೆಂಡಿನ ರಿಂಡ್ ಅನ್ನುವವರು 1858ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಅದನ್ನು ಕೊಂಡರು. ಈಗ ಅದರ ಹೆಚ್ಚಿನ ಭಾಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ 79ನೇ ಲೆಕ್ಕ ತೆಗೆದುಕೊಳ್ಳಿ. ಒಂದು ಪಟ್ಟಿ ಅಷ್ಟೇ: ಮನೆ 7, ಬೆಕ್ಕು 49, ಇಲಿ 343, ಗೋಧಿ ತೆನೆ 2401, ಧಾನ್ಯದ ಅಳತೆ 16807. ಒಟ್ಟು 19607. ತೆನೆಯ ಸಾಲಿನಲ್ಲಿ ಅವನ ಕೈತಪ್ಪಿ 2301 ಅಂತ ಬಿದ್ದಿದೆ, ಮೊತ್ತ ಮಾತ್ರ ಸರಿಯಾಗಿದೆ. ಆ ತಪ್ಪನ್ನು ಹಾಗೇ ಕೊಟ್ಟು ಹುಡುಕಿಸಿ, ಮಕ್ಕಳಿಗೆ ಖುಷಿಯಾಗುತ್ತದೆ.

ಪಕ್ಕದಲ್ಲೇ ಅವನು ಇನ್ನೊಂದು ದಾರಿಯಲ್ಲೂ ಅದೇ ಮೊತ್ತ ತಂದಿದ್ದಾನೆ, 2801ನ್ನು 7 ಸಲ:

1 — 2801
2 — 5602
4 — 11204

ಇಲ್ಲಿ ಮೂರು ಸಾಲೂ ಬೇಕು. ಕೂಡಿದರೆ 19607. ಆ 2801 ಎಲ್ಲಿಂದ ಬಂತು ಅಂತ ಮಕ್ಕಳನ್ನು ಕೇಳಿ. 1 + 7 + 49 + 343 + 2401 ಕೂಡಿ ನೋಡಲಿ. ಯಾಕೆ ಹಾಗೆ ಅಂತ ಹೇಳುವವರು ತರಗತಿಯಲ್ಲಿ ಒಬ್ಬರಾದರೂ ಸಿಕ್ಕರೆ, ಆ ವಿವರಣೆಯನ್ನು ಅವರದೇ ಮಾತಿನಲ್ಲಿ ಬರೆಸಿ ನನಗೆ ಕಳಿಸಿ.