ಬಿದ್ದವನು ‘ಪಾರ್ಟ್ನರ್’ ಆದರೆ ಕೈ ಕಟ್ಟಿಸುವವರು ಯಾರು?

ಓದುಗರ ಪ್ರಶ್ನೆಗೆ ಕಾರ್ಮಿಕ ಕಾನೂನು ತಜ್ಞರ ಉತ್ತರ

ಪ್ರಶ್ನೆ: ನನ್ನ ತಮ್ಮ ಮೂರು ವರ್ಷದಿಂದ ಮೈಸೂರಿನಲ್ಲಿ ಆನ್‌ಲೈನ್ ಕಂಪನಿಯೊಂದರ ಪಾರ್ಸೆಲ್ ಹಂಚುತ್ತಾನೆ. ಬೈಕು, ಪೆಟ್ರೋಲು, ಮೊಬೈಲು ಎಲ್ಲ ಅವನದೇ; ಒಂದು ಪಾರ್ಸೆಲ್‌ಗೆ ಇಷ್ಟು ಅಂತ ದುಡ್ಡು. ಹೋದ ತಿಂಗಳು ಬೋಗಾದಿ ರಸ್ತೆಯಲ್ಲಿ ಕಾರೊಂದು ಗುದ್ದಿ ಬಲಗೈ ಮುರಿಯಿತು. ಆಸ್ಪತ್ರೆ ಖರ್ಚು ಕೇಳಿದರೆ ಹಬ್‌ (ಪಾರ್ಸೆಲ್ ಹಂಚುವ ಕೇಂದ್ರ) ಮ್ಯಾನೇಜರು ‘ನೀವು ನೌಕರರಲ್ಲ, ಪಾರ್ಟ್ನರ್. ಇಎಸ್‌ಐ, ಪಿಎಫ್ ಯಾವುದೂ ಬರಲ್ಲ’ ಅಂದರು. ಕೆಲಸಕ್ಕೆ ಹೋಗದ್ದಕ್ಕೆ ಐಡಿಯೂ ಬ್ಲಾಕ್ ಆಗಿದೆ. ಲೇಬರ್ ಕೋರ್ಟಿಗೆ ಹೋಗಬಹುದೇ?
– ಓದುಗರು, ಮಂಡ್ಯ

ಉತ್ತರ: ಲೇಬರ್ ಕೋರ್ಟಿನ ಮಾತು ಆಮೇಲೆ. ಮೊದಲು ಆ ಕಾರಿನ ವಿಷಯ ನೋಡೋಣ. ನಿಮ್ಮ ತಮ್ಮ ನೌಕರನೋ ಪಾರ್ಟ್ನರೋ, ಮೋಟಾರು ಅಪಘಾತ ನ್ಯಾಯಮಂಡಳಿಗೆ ಅದು ಬೇಕಿಲ್ಲ. ತಪ್ಪು ಕಾರಿನವರದಾದರೆ ಪರಿಹಾರ ಕೊಡಬೇಕಾದ್ದು ಕಾರಿನ ವಿಮಾ ಕಂಪನಿ. ಅರ್ಜಿಯನ್ನು ಅಪಘಾತವಾದ ಮೈಸೂರಿನಲ್ಲೂ ಹಾಕಬಹುದು, ಅವನು ವಾಸವಿರುವುದು ಮಂಡ್ಯದಲ್ಲಾದರೆ ಅಲ್ಲೂ ಹಾಕಬಹುದು. ಆದರೆ ಕಾನೂನಿನಲ್ಲಿ ಆರು ತಿಂಗಳ ಗಡುವಿದೆ, ಈಗಾಗಲೇ ಒಂದು ತಿಂಗಳು ಹೋಗಿದೆ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿಗೆಂದು ಆಸ್ಪತ್ರೆ ಬರೆದಿಡುವ ದಾಖಲೆ), ಗಾಯದ ಸರ್ಟಿಫಿಕೇಟು, ಬಿಲ್ಲುಗಳು, ಎಲ್ಲ ಒಂದು ಫೈಲಿಗೆ ಸೇರಲಿ.

ಇಲ್ಲಿ ಬಹಳ ಜನ ಎಡವುವುದು ಆದಾಯದ ದಾಖಲೆಯಲ್ಲಿ. ಸಂಬಳದ ಚೀಟಿ ಇಲ್ಲ, ಇರುವುದೆಲ್ಲ ಆ್ಯಪ್‌ನಲ್ಲಿ. ಐಡಿ ಬ್ಲಾಕ್ ಆದರೂ ಕೆಲವೊಮ್ಮೆ ಹಳೆಯ ಗಳಿಕೆಯ ಪುಟ ತೆರೆಯುತ್ತದೆ. ತೆರೆದರೆ ವಾರವಾರದ್ದನ್ನೂ ಇವತ್ತೇ ಸ್ಕ್ರೀನ್‌ಶಾಟ್ ತೆಗೆಸಿ. ತೆರೆಯದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ, ಕಂಪನಿಯಿಂದ ಬಂದ ಒಂದೊಂದು ಜಮೆಯ ಕೆಳಗೂ ಗೆರೆ ಎಳೆಯಿರಿ. ಇದಿಲ್ಲದಿದ್ದರೆ ನ್ಯಾಯಮಂಡಳಿ ಅಂದಾಜಿನ ಆದಾಯ ಹಿಡಿಯುತ್ತದೆ, ಪರಿಹಾರವೂ ಅಷ್ಟಕ್ಕೇ ನಿಲ್ಲುತ್ತದೆ. ಬೈಕು ಬಿಳಿ ಬೋರ್ಡಿನದು ಅಂತ ಯಾರಾದರೂ ರಾಗ ಎಳೆದರೆ ಹೆದರಬೇಡಿ. ಸ್ವಂತ ಬೈಕಿನ ರಿಪೇರಿ ಕ್ಲೇಮಿಗೆ ಅದರಿಂದ ತೊಡಕಾಗಬಹುದು. ಕಾರಿನ ವಿಮೆಯಿಂದ ಬರುವ ಪರಿಹಾರಕ್ಕೆ ಅದು ಅಡ್ಡಿಯಲ್ಲ.

ಇನ್ನು ಐಡಿ. ಕಳೆದ ವರ್ಷದವರೆಗೆ ಇದಕ್ಕೆ ನಾನು ಕೈಚೆಲ್ಲುತ್ತಿದ್ದೆ. 2025ರಲ್ಲಿ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ) ಕಾಯ್ದೆ ಬಂದಿದೆ, ಪಾರ್ಸೆಲ್ ಸಾಗಣೆಯೂ ಅದರೊಳಗಿದೆ. ಕಾರಣವನ್ನು ಬರವಣಿಗೆಯಲ್ಲಿ ಹೇಳದೆ, 14 ದಿನ ಮೊದಲು ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಆದ್ದರಿಂದ ತಮ್ಮನ ಕೈಯಿಂದ ಒಂದು ಇಮೇಲ್ ಕಳಿಸಿ: ಇಂಥ ದಿನ ಅಪಘಾತವಾಯಿತು, ಡಾಕ್ಟರ ಚೀಟಿ ಲಗತ್ತಿಸಿದೆ, ಐಡಿ ನಿಲ್ಲಿಸಿದ ಕಾರಣ ಲಿಖಿತವಾಗಿ ಕೊಡಿ. ಹಬ್‌ಗೆ ಹೋಗಿ ಗೋಗರೆಯುವುದಕ್ಕಿಂತ ಈ ನಾಲ್ಕು ಸಾಲು ಮೇಲು. ಮ್ಯಾನೇಜರ್ ಕೈಯಲ್ಲೂ ಏನಿಲ್ಲ, ಪಾಪ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡುವಾಗ ಆ ಇಮೇಲೇ ಆಧಾರ.

ಗಿಗ್ ಕಾರ್ಮಿಕರಿಗೆಂದೇ ರಾಜ್ಯದ ವಿಮಾ ಯೋಜನೆಯೂ ಇದೆ, ಕಂತು ಕಟ್ಟಬೇಕಿಲ್ಲ. ಅಪಘಾತದಲ್ಲಿ ಸತ್ತರೆ 4 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಮೊದಲು ಕೇಂದ್ರದ ಇ–ಶ್ರಮ್ ಪೋರ್ಟಲ್, ಆಮೇಲೆ ರಾಜ್ಯದ ಸೇವಾ ಸಿಂಧು ಪೋರ್ಟಲ್, ಎರಡರಲ್ಲೂ ಹೆಸರು ನೋಂದಾಯಿಸಬೇಕು. ನೋಂದಣಿ ಮೊದಲೇ ಆಗಿದ್ದರೆ ಬಿಲ್ಲು ಹಾಕಿ ಅರ್ಜಿ ಕೊಡಿ. ಆಗಿಲ್ಲದಿದ್ದರೆ ಮುಂದಕ್ಕಾದರೂ ಇರಲಿ ಅಂತ ಮಾಡಿಸಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಕಾಗದದಲ್ಲಿ ‘ಸ್ವತಂತ್ರ ಗುತ್ತಿಗೆದಾರ’ ಅಂತ ಬರೆದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. 1956ರಲ್ಲೇ ಸುಪ್ರೀಂ ಕೋರ್ಟು ಸೌರಾಷ್ಟ್ರದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪು ತೆಗೆಯುವ ಅಗರಿಯಾಗಳನ್ನು ಕಂಪನಿಯ ಕೆಲಸಗಾರರೇ ಎಂದಿತ್ತು. ಅವರಿಗೆ ಮಣದ ಲೆಕ್ಕದಲ್ಲಿ ಕೂಲಿ, ಹೊತ್ತುಗೊತ್ತಿಲ್ಲ, ಬೇಕಾದರೆ ಹೆಂಡತಿ ಮಕ್ಕಳನ್ನು, ಕೂಲಿಯವರನ್ನು ಜೊತೆಗೆ ಹಾಕಿಕೊಳ್ಳಬಹುದಿತ್ತು. ಆದರೂ ಕೆಲಸದ ಮೇಲಿನ ಹಿಡಿತ ಯಾರದು ಅಂತ ಕೋರ್ಟು ನೋಡಿತು. ಅಮೆರಿಕದಲ್ಲಿ ಫೆಡೆಕ್ಸ್ ಗ್ರೌಂಡ್ ಎಂಬ ಪಾರ್ಸೆಲ್ ಕಂಪನಿಯ ಚಾಲಕರ ಕತೆಯೂ ಇದೇ: ಲಾರಿ ಚಾಲಕರದು, ಆದರೆ ಅದರ ಬಣ್ಣ, ಒಳಗಿನ ಶೆಲ್ಫಿನ ಅಳತೆ, ಹಾಕುವ ಬಟ್ಟೆ, ಗಡ್ಡ ಬೋಳಿಸುವುದೂ ಕಂಪನಿ ಹೇಳಿದಂತೆ. 2014ರಲ್ಲಿ ಮೇಲ್ಮನವಿ ಕೋರ್ಟು ಕ್ಯಾಲಿಫೋರ್ನಿಯಾ, ಆರೆಗಾನ್‌ನ ಚಾಲಕರನ್ನು ನೌಕರರೆಂದಿತು. ಮರುವರ್ಷ ಕ್ಯಾಲಿಫೋರ್ನಿಯಾದವರ ಜೊತೆ ಕಂಪನಿ 22.8 ಕೋಟಿ ಡಾಲರಿಗೆ ರಾಜಿಯಾಯಿತು.

ನಮ್ಮಲ್ಲಿ ದಾರಿ ಅಷ್ಟು ನೇರವಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯೇ ಗಿಗ್ ಕಾರ್ಮಿಕರನ್ನು ಮಾಲೀಕ–ನೌಕರ ಸಂಬಂಧದ ಆಚೆಗೆ ಇಟ್ಟಿದೆ. 2024ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಮಟ್ಟಿಗೆ ಓಲಾ ಚಾಲಕ ನೌಕರನೇ ಎಂದಾಗ ನಮಗೆಲ್ಲ ಆಸೆ ಹುಟ್ಟಿತ್ತು; ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠದ ತಡೆ ಬಂತು. ನನ್ನ ಅಭಿಪ್ರಾಯ ಕೇಳಿದರೆ, ದಾರಿ, ಹೊತ್ತು, ದಂಡ ಎಲ್ಲವನ್ನೂ ಆ್ಯಪ್ ಗೊತ್ತುಮಾಡುವಾಗ ಅವನು ನೌಕರನೇ. ಆದರೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಲು ವರ್ಷಗಳು ಬೇಕು, ಮುರಿದ ಕೈಯವನೊಬ್ಬನೇ ಅದನ್ನು ಹೊರಬಾರದು. ಸಂಘವೊಂದು ಹಾಕುವ ಕೇಸಿನಲ್ಲಿ ಸೇರಲಿ.

ಪ್ರಶ್ನೆ: ಸಾಲದಲ್ಲಿ ಟಾಟಾ ಏಸ್ ಕೊಂಡು, ಡ್ರೈವರ್ ಇಟ್ಟು ಡೆಲಿವರಿ ಕಂಪನಿಗೆ ಓಡಿಸಿ ಎನ್ನುತ್ತಾರೆ. ಮಾಡಲೇ?
– ಓದುಗರು, ಮದ್ದೂರು

ಉತ್ತರ: ಮಾಡಿ, ಆದರೆ ಮಾಲೀಕರು ನೀವಾಗುತ್ತೀರಿ ಎಂದು ತಿಳಿದೇ ಮಾಡಿ. ಡ್ರೈವರ್‌ಗೆ ಏನಾದರೂ ಆದರೆ ಅವನ ಮನೆಯವರು ಬರುವುದು ನಿಮ್ಮ ಬಾಗಿಲಿಗೆ, ಕಂಪನಿಗಲ್ಲ. ಪಾಲಿಸಿಯಲ್ಲಿ ಡ್ರೈವರು, ಲೋಡರು ಇಬ್ಬರಿಗೂ ರಕ್ಷಣೆ ಇದೆಯೇ ನೋಡಿ. ಕರಾರಿನಲ್ಲಿ ಸಾಮಾನು ಕಳೆದರೆ ನಷ್ಟ ಯಾರದು, ಎಷ್ಟು ದಿನದ ನೋಟಿಸಿಗೆ ಕಂಪನಿ ನಿಮ್ಮನ್ನು ಕೈಬಿಡಬಹುದು, ಈ ಎರಡು ಸಾಲನ್ನು ಬೆರಳಿಟ್ಟು ಓದಿ. ನೋಟಿಸು 30 ದಿನ, ಸಾಲದ ಕಂತು ಐದು ವರ್ಷ ಅಂತಿದ್ದರೆ, ಹೊಸ ಗಾಡಿ ಬೇಡ. ಸೆಕೆಂಡ್ ಹ್ಯಾಂಡ್ ನೋಡಿ.