ದನ, ದೊಡ್ಡಿ ಮತ್ತು ಕೊಯಮತ್ತೂರಿನ ಒಂದು ಚೀಟಿ

ನಿನ್ನ ಮೆಸೇಜು ಬಂದು ಮೂರು ದಿನವಾಯಿತು. ನೆಟ್‌ವರ್ಕ್ ಇರಲಿಲ್ಲ ಎಂದರೆ ನೀನು ನಂಬುತ್ತಿದ್ದೆ, ಆದರೆ ನಿಜವಾಗಿ ಸಿಟ್ಟು ಬಂದಿತ್ತು ಕಣಪ್ಪ. "ನಿಮ್ಮೂರಿನೋರಿಗೆ ದನಾನ ಮನೇಲೇ ಕಟ್ಟಿಹಾಕಿ ಮೇಯಿಸೋಕೆ ಏನು ರೋಗ? ಕಾಡಿಗೆ ಹೊಡೀತೀರಿ, ಆಮೇಲೆ ಹುಲಿ ಹಿಡೀತು ಅಂತ ಅಳ್ತೀರಿ" ಎಂದು ಕೇಳಿದ್ದೆ. ಸಾಲದ್ದಕ್ಕೆ ಕೊನೆಯಲ್ಲಿ ಒಂದು ನಗುವ ಗೊಂಬೆ ಅಂಟಿಸಿ, "ಅಂದಹಾಗೆ ನೀವು ಕನ್ನಡದೋರೋ ತಮಿಳರೋ, ಇವತ್ತಿಗೂ ಗೊತ್ತಾಗಿಲ್ಲ" ಅಂತ ಬೇರೆ.

ಇವು ಎರಡು ಬೇರೆ ಬೇರೆ ಪ್ರಶ್ನೆ ಅಂತ ನೀನು ಅಂದುಕೊಂಡಿದ್ದೀಯ. ನಮಗೆ ಎರಡೂ ಒಂದೇ ಗಂಟು. ಬಿಡಿಸಲು ಕೂತು ನನಗೆ ಉಗುರು ಸವೆದಿದೆ.

ಸುಲಭದ್ದು ಮೊದಲು. ಹನೂರು ತಾಲ್ಲೂಕು ಚಾಮರಾಜನಗರ ಜಿಲ್ಲೆಯಲ್ಲಿದೆ, ಅಂದರೆ ಕರ್ನಾಟಕದಲ್ಲಿದೆ. ಒಂದು ಕಡೆ ಪಾಲಾರ್, ಇನ್ನೊಂದು ಕಡೆ ಗರಿಕೆಕಂಡಿ; ಯಾವ ಚೆಕ್‌ಪೋಸ್ಟ್ ದಾಟಿದರೂ ತಮಿಳುನಾಡು. ಆಚೆ ಬರಗೂರು ಬೆಟ್ಟದ ಲಿಂಗಾಯತರು ಮನೆಯಲ್ಲಿ ಆಡುವುದು ಕನ್ನಡ, ಈಚೆ ಗೋಪಿನಾಥಂ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತಮಿಳು. ಗೆರೆ ಎಳೆದವರಿಗೆ ಮನೆಯೊಳಗೆ ಇಣುಕಿ ನೋಡುವ ಪುರುಸೊತ್ತು ಇರಲಿಲ್ಲ. ಮಾದಪ್ಪನ ಬೆಟ್ಟಕ್ಕೆ ಮಾತ್ರ ಎರಡೂ ಕಡೆಯವರು "ಉಘೇ" ಅಂತಲೇ ಹತ್ತುತ್ತಾರೆ. ಹೌದು, ವೀರಪ್ಪನ್ ಹುಟ್ಟಿದ್ದು ಕೂಡ ನಮ್ಮ ಗೋಪಿನಾಥಂನಲ್ಲೇ. ಹೊಸಬರು ಸಿಕ್ಕಾಗ ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನನ್ನ ಹೆಸರು ಹೇಳುತ್ತೇನೆ. ಸಮಯ ಉಳಿಯುತ್ತದೆ.

ಇನ್ನು ದನ. ನಮ್ಮ ಬೆಟ್ಟದ ದನವೆಂದರೆ ನಿನ್ನ ಮಾವನ ಮನೆಯ ಜರ್ಸಿಯಂತಲ್ಲ. ಕಂದು ಮೈ, ಅದರ ಮೇಲೆ ಬಿಳಿ ಮಚ್ಚೆ, ಅರೆಕಾಡು ಸ್ವಭಾವ. ಗುರುತಿಲ್ಲದವರು ಹತ್ತಿರ ಹೋದರೆ ಕೊಂಬು ತಗ್ಗಿಸುತ್ತದೆ. ಹಾಲು ಕರುವಿಗೆ ಸಾಕಾಗಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಕುವುದು ಗೊಬ್ಬರಕ್ಕೆ, ಉಳುಮೆಗೆ, ಕಷ್ಟ ಬಂದಾಗ ಒಂದು ಹೋರಿ ಮಾರಿಕೊಳ್ಳುವುದಕ್ಕೆ. ಹೊಲದಲ್ಲಿ ರಾಗಿ ನಿಂತಿರುವಾಗ ಊರೊಳಗೆ ಇವಕ್ಕೆ ಜಾಗವಿಲ್ಲ. ಆಗ ಕಾಡಿನಲ್ಲಿ ನೀರಿರುವ ಕಡೆ ಮುಳ್ಳುಬೇಲಿ ಸುತ್ತಿ ದೊಡ್ಡಿ ಹಾಕುತ್ತಾರೆ. ಹಗಲು ಮೇವು, ರಾತ್ರಿ ದೊಡ್ಡಿ, ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಇಬ್ಬರು. ಹುಲಿ ಒಂದೆರಡನ್ನು ಹಿಡಿಯುವುದು ಹೊಸ ಸುದ್ದಿಯೇನಲ್ಲ. ನಮ್ಮ ದೇವರು ಕೂರುವುದೇ ಹುಲಿಯ ಮೇಲೆ. ವಾಹನಕ್ಕೂ ಹೊಟ್ಟೆ ಇರುತ್ತದೆ ಅಂತ ಹಿಂದಿನವರು ಸುಮ್ಮನಾಗುತ್ತಿದ್ದರು.

ಈಗಿನವರು ಸುಮ್ಮನಾಗಲಿಲ್ಲ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದವು. ದನದ ಹೆಣಕ್ಕೆ ವಿಷ ಹಾಕಿದ್ದರು. ಇದನ್ನು ನಾನು ಸಮರ್ಥಿಸುತ್ತೇನೆ ಅಂದುಕೊಳ್ಳಬೇಡ. ಆ ವಾರ ನಮ್ಮ ಮನೆಯಲ್ಲಿ ಅಮ್ಮ ದೇವರ ಪಟದ ಮುಂದೆ ನಿಲ್ಲಲೂ ನಾಚಿಕೊಂಡಿದ್ದಳು. ಆದರೆ ಅದೇ ಸಮಯದಲ್ಲಿ ಇನ್ನೊಂದು ಸುದ್ದಿಯೂ ಬಂತು: ಕಾಡು ಕಾಯುವ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಳಿಂದ ಸಂಬಳವಾಗಿರಲಿಲ್ಲ. ಅದು ಒಳಪುಟದಲ್ಲಿತ್ತು, ನಿನ್ನ ಕಣ್ಣಿಗೆ ಬಿದ್ದಿರಲಾರದು. ಆ ವಾಚರ್‌ಗಳು ಬೇರೆ ಯಾರೂ ಅಲ್ಲ, ನಮ್ಮ ಹುಡುಗರು, ಸೋಲಿಗರ ಹುಡುಗರು. ಹುಲಿ ಎಲ್ಲಿ ಮರಿ ಹಾಕಿದೆ ಎಂದು ಆಫೀಸಿಗಿಂತ ಮೊದಲು ಗೊತ್ತಾಗುವುದು ಅವರಿಗೆ.

ಜುಲೈಯಲ್ಲಿ ಅರಣ್ಯ ಸಚಿವರು ಕಾಡಿನೊಳಗೆ ದನಕುರಿ ಮೇಯಿಸುವುದನ್ನು ನಿಷೇಧಿಸುವ ಮಾತಾಡಿದರು. ಅದಕ್ಕೆ ಆಧಾರವಾಗಿ ತೋರಿಸಿದ್ದು ಮದ್ರಾಸ್ ಹೈಕೋರ್ಟಿನ ಆದೇಶ. 2022ರ ಮಾರ್ಚಿನಲ್ಲಿ ಆ ಕೋರ್ಟು ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ಮೇವು ನಿಲ್ಲಿಸಿ, ಬಳಿಕ ಅದನ್ನು ವನ್ಯಧಾಮ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಇಳಿಸಿತ್ತು. ನೋಡು, ಕಾವೇರಿ ನೀರಿನ ವಿಷಯದಲ್ಲಿ ಒಂದು ತೊಟ್ಟಿಗೂ ಒಪ್ಪದ ಎರಡು ರಾಜ್ಯ, ನಮ್ಮ ದನದ ವಿಷಯದಲ್ಲಿ ಎಷ್ಟು ಬೇಗ ಒಂದಾದವು.

ತಪ್ಪು ನಮ್ಮದೂ ಇದೆ, ಮುಚ್ಚಿಡಲ್ಲ. ಆಚೆಯ ಊರುಗಳ ಉಳ್ಳವರು ತಮ್ಮ ದನಗಳನ್ನು ಇಲ್ಲಿನವರ ಕೈಗೆ ಒಪ್ಪಿಸಿ ಕೂಲಿಗೆ ಮೇಯಿಸುತ್ತಾರೆ. ಮನೆಯ ಹನ್ನೆರಡು ದನ ಕಾಡಿಗೆ ಹೋಗುವುದು ಬೇರೆ, ಕೂಲಿಯ ಇನ್ನೂರು ಹೋಗುವುದು ಬೇರೆ. ಇನ್ನೂರು ಹೋದ ಕಡೆ ಜಿಂಕೆಗೆ ಹುಲ್ಲು ಉಳಿಯುವುದಿಲ್ಲ, ಕೆರೆಯ ಅಂಚು ಕೆಸರಾಗುತ್ತದೆ. ಇದು ಊರಿನ ಮುದುಕರಿಗೆ ಇಲಾಖೆಗಿಂತ ಚೆನ್ನಾಗಿ ಗೊತ್ತು. ಯಾರ ಮಂದೆಯಲ್ಲಿ ಎಷ್ಟು ಬಾಡಿಗೆ ದನ ಇದೆ ಎಂದು ಬಾಯಲ್ಲೇ ಎಣಿಸಿ ಹೇಳುತ್ತಾರೆ. ಆದರೆ ಅವರನ್ನು ಕೇಳಿದವರು ಯಾರು? "ಇಷ್ಟು ದನ, ಇಂಥ ತಿಂಗಳು, ಈ ಹಳ್ಳದಿಂದ ಆಚೆ ಬೇಡ, ಹೊರಗಿನ ಮಂದೆ ಬಂದರೆ ನೀವೇ ತಡೆಯಿರಿ" ಎಂದು ಊರಿನವರ ಜೊತೆ ಕೂತು ಗೊತ್ತುಮಾಡುವುದು ಸುಧಾರಣೆ. ಎಲ್ಲರನ್ನೂ ಒಂದೇ ಕೋಲಿನಿಂದ ಹೊರಗಟ್ಟಿದರೆ ಕೂಲಿ ಮಂದೆಯವನು ಇನ್ನೊಂದು ಕಾಡು ಹುಡುಕುತ್ತಾನೆ, ಹನ್ನೆರಡು ದನದವನು ಮುಗಿದುಹೋಗುತ್ತಾನೆ.

ಮೇವು ಕಡಿಮೆಯಾದದ್ದಕ್ಕೆ ದನವೊಂದೇ ಕಾರಣವೂ ಅಲ್ಲ. ಲಾಂಟಾನ ನೋಡಿದ್ದೀಯಲ್ಲ, ಬಣ್ಣಬಣ್ಣದ ಹೂವಿನ ಆ ಮುಳ್ಳುಪೊದೆ, ಕಳೆದ ಸಲ ಬಂದಾಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಅದು ಹಬ್ಬಿದ ಕಡೆ ಹುಲ್ಲಿಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ನೆಲದ ತರಗೆಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೇ ಲಾಂಟಾನ ಏರಿತು, ನೆಲ್ಲಿ ಮರಗಳಿಗೆ ಉಪ್ಪಿಲು ಹತ್ತಿತು ಅನ್ನುತ್ತಾರೆ. ಉಪ್ಪಿಲು ಅಂದರೆ ಮರದ ಮೇಲೆ ಕೂತು ಮರವನ್ನೇ ತಿನ್ನುವ ಬದನಿಕೆ. ನಮ್ಮ ಬೆಟ್ಟದಲ್ಲಿ ಸೋಲಿಗರು ಈಗ ಅದೇ ಲಾಂಟಾನದ ಕಡ್ಡಿಯಿಂದ ಕುರ್ಚಿ, ಆನೆ ಗೊಂಬೆ ಮಾಡುತ್ತಾರೆ. ಚೆಂದ ಇರುತ್ತವೆ. ಆದರೆ ಕುರ್ಚಿ ಮಾಡಿ ಒಂದು ಕಾಡಿನ ಲಾಂಟಾನ ಖಾಲಿ ಮಾಡಲು ಎಷ್ಟು ಕುಂಡಿ ಬೇಕು ಅಂತ ಲೆಕ್ಕ ಹಾಕು.

ಈಗ ಗಂಟಿಗೆ ಬರುತ್ತೇನೆ.

ಮಲೆ ಮಹದೇಶ್ವರ ವನ್ಯಧಾಮ ಆದದ್ದು 2013ರಲ್ಲಿ, ಸುಮಾರು 906 ಚದರ ಕಿಲೋಮೀಟರ್. ಊರುಗಳು ಅದಕ್ಕಿಂತ ಹಳೆಯವು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ದನ ಬಿಡುವಂತಿಲ್ಲ, ಸರಿ. ವನ್ಯಧಾಮದ ಮಾತು ಹಾಗಲ್ಲ. ಅಲ್ಲಿ ಮೇವನ್ನು ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು ಎಂದಿದೆ. ಸುತ್ತಲ ಐದು ಕಿಲೋಮೀಟರಿನ ದನಗಳಿಗೆ ಲಸಿಕೆ ಹಾಕಿಸುವುದು ಮುಖ್ಯ ವನ್ಯಜೀವಿ ವಾರ್ಡನ್ ಕೆಲಸ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಬರೆದವರಿಗೆ ದನ ಇರುತ್ತದೆ ಎಂಬ ಅರಿವಿತ್ತು. ಇನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮೇವನ್ನು ಸಮುದಾಯದ ಹಕ್ಕು ಎಂದೇ ಕರೆಯುತ್ತದೆ. ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿತು. ಆದ್ದರಿಂದ ಇಲಾಖೆಯನ್ನು ಹೇಗೆ ಸುಧಾರಿಸಬೇಕು ಎಂದು ಯಾರೂ ಹೊಸದಾಗಿ ಕನಸು ಕಾಣಬೇಕಿಲ್ಲ. ಬರೆದಿಟ್ಟದ್ದನ್ನು ತೆರೆದು ಓದಿದರೆ ಆಯಿತು.

ನಮ್ಮೂರಿನ ಅರಣ್ಯ ಹಕ್ಕು ಸಮಿತಿಗೆ ನಾನು ಕಾರ್ಯದರ್ಶಿ. ಅಕ್ಷರ ನೆಟ್ಟಗಿದೆ ಎಂಬುದೊಂದೇ ಅರ್ಹತೆ. ನಾವು ಪರಿಶಿಷ್ಟ ಪಂಗಡದವರಲ್ಲ, ಹಾಗಾಗಿ ಕಾಯ್ದೆಯ ಭಾಷೆಯಲ್ಲಿ "ಇತರೆ ಪಾರಂಪರಿಕ ಅರಣ್ಯವಾಸಿ". ಈ ಇತರೆಯವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರಿನಿಂದ ಇಲ್ಲಿದ್ದೆವು ಎಂದು ತೋರಿಸಬೇಕು. ತಲೆಮಾರೊಂದಕ್ಕೆ 25 ವರ್ಷ, ಒಟ್ಟು 75. ಕಳೆದು ನೋಡು, 1930ಕ್ಕೆ ಹೋಗಿ ನಿಲ್ಲುತ್ತದೆ.

1930ರಲ್ಲಿ ನಾವು ಎಲ್ಲಿದ್ದೆವು? ಇಲ್ಲೇ. ಆದರೆ "ಇಲ್ಲಿ" ಎಂಬುದು ಎಲ್ಲಿತ್ತು? ನಮ್ಮ ಹನೂರು ಆಗ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಪೂರ್ತಿ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ತಾತ ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ, ಮಕ್ಕಳ ಮದುವೆ ಮಾಡಿದ್ದು ಮೈಸೂರು ಜಿಲ್ಲೆಯಲ್ಲಿ, ಸತ್ತದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಮೂರೂ ಒಂದೇ ಮನೆಯಲ್ಲಿ, ಒಂದೇ ಪಡಸಾಲೆಯಲ್ಲಿ.

ಮೇವಿನ ಹಕ್ಕಿಗೆ ಅರ್ಜಿ ಹಾಕಿದಾಗ ದಾಖಲೆ ತನ್ನಿ ಎಂದರು ಒಂದು ಕಚೇರಿಯಲ್ಲಿ. ಯಾವ ಕಚೇರಿ ಎಂದು ಕೇಳಬೇಡ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಇಲ್ಲಿನ ದಾಖಲೆ ಕೋಣೆಯಲ್ಲಿ 1956ರ ಹಿಂದಿನ ಕಾಗದ ಕೇಳಿದರೆ "ಅದು ಆ ಕಡೆಯದು". ಆ ಕಡೆ ಹೋಗಿ ಕೇಳಿದರೆ "ನೀವು ಕರ್ನಾಟಕದವರಲ್ಲವಾ". ಬಸ್ಸಿನಲ್ಲಿ ಹೋಗುವಾಗ ಫೋನು ಟವರ್ ಬದಲಿಸಿ ತಮಿಳಿನಲ್ಲಿ ಸ್ವಾಗತ ಹೇಳುತ್ತದೆ, ವಾಪಸ್ ಬರುವಾಗ ಕನ್ನಡದಲ್ಲಿ. ಇಡೀ ಓಡಾಟದಲ್ಲಿ ನನ್ನನ್ನು ಮರ್ಯಾದೆಯಿಂದ ಬರಮಾಡಿಕೊಂಡದ್ದು ಆ ಎರಡು ಮೆಸೇಜು ಮಾತ್ರ.

ಇನ್ನೊಂದು ತಮಾಷೆ ಕೇಳು. ಅರ್ಜಿಯ ವಿಚಾರಣೆಗೆ ಕೂತವರೊಬ್ಬರು "ನಡುವೆ ಬಿಡದೆ ಕಾಡನ್ನು ಬಳಸುತ್ತಾ ಬಂದಿದ್ದೀರಾ?" ಎಂದು ಕೇಳಿದರು. ನಮ್ಮ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ತೊಂಬತ್ತರ ದಶಕ ಅವರ ಕಣ್ಣ ಮುಂದೆ ಬಂದಿರಬೇಕು. ಆಗ ಕಾಡಿಗೆ ಹೋಗುತ್ತಿದ್ದೆವು ಎಂದರೆ, "ಹಾಗಾದರೆ ವೀರಪ್ಪನ್‌ಗೆ ಅಕ್ಕಿ ಕೊಟ್ಟವರು ನೀವೇ" ಎಂಬ ಹಳೆಯ ಭಯ. ಹೋಗುತ್ತಿರಲಿಲ್ಲ ಎಂದರೆ, ಹಕ್ಕು ಅಲ್ಲಿಗೇ ತುಂಡಾಯಿತು. ಪೊಲೀಸರಿಗೆ ಒಂದು ಉತ್ತರ, ಕಾಯ್ದೆಗೆ ಇನ್ನೊಂದು ಉತ್ತರ. ಕೊನೆಗೆ ಒಬ್ಬ ತಾತ, "ದನ ಹೋಗ್ತಿದ್ವು ಬುದ್ದಿ, ನಾವು ಹೋಗ್ತಿರ್ಲಿಲ್ಲ" ಅಂದ. ಅದನ್ನು ಹಾಗೇ ಬರೆದುಕೊಂಡಿದ್ದೇನೆ.

ಆ ಕಾಲದ್ದೇ ಇನ್ನೊಂದು ನೆನಪು ಹೇಳದಿದ್ದರೆ ಅನ್ಯಾಯ. ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿ ಗೋಪಿನಾಥಂನಲ್ಲಿ ಇದ್ದುಕೊಂಡು ಜನರಿಗೆ ಮನೆ ಕಟ್ಟಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. 1991ರ ನವೆಂಬರಿನಲ್ಲಿ ವೀರಪ್ಪನ್ ಅವರನ್ನು ನಂಬಿಸಿ ಕರೆಸಿ ಕೊಂದ. ಆ ಊರಿನವರು ಇವತ್ತಿಗೂ ಅವರ ಪಟಕ್ಕೆ ಕೈ ಮುಗಿಯುತ್ತಾರೆ. ಇಲಾಖೆಯವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆದರೆ ಮೂವತ್ತು ವರ್ಷ ದಾಟಿದ ಮೇಲೂ ಒಬ್ಬರ ಹೆಸರನ್ನೇ ಹೇಳಬೇಕಾಗಿದೆಯಲ್ಲ, ನನಗೆ ಅದೇ ಸಂಕಟ. ಒಳ್ಳೆಯ ರೇಂಜರ್ ಬಂದರೆ ದೊಡ್ಡಿಗೆ ಎರಡು ತಿಂಗಳು ಬಾಯಿಮಾತಿನ ಅನುಮತಿ, ಅವರು ವರ್ಗವಾದರೆ ಮಾರನೆಯ ದಿನ ದೊಡ್ಡಿಗೆ ಬೆಂಕಿ. ನಮಗೆ ಬೇಕಾದದ್ದು ಒಳ್ಳೆಯವರಲ್ಲ ಕಣಪ್ಪ, ಕಾಗದ. ಯಾರು ಬಂದು ಕುರ್ಚಿಯಲ್ಲಿ ಕೂತರೂ ಬದಲಾಗದ ಕಾಗದ.

ಅರಣ್ಯ ಹಕ್ಕು ನಿಯಮಗಳಲ್ಲಿ ಹಿರಿಯರ ಹೇಳಿಕೆಯೂ ಸಾಕ್ಷಿ ಎಂದಿದೆ. ಇಂಥದ್ದೇ ದಾಖಲೆ ಬೇಕೆಂದು ಹಟ ಹಿಡಿಯಬಾರದು ಎಂದು 2012ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಆ ಸಾಲನ್ನು ಜೆರಾಕ್ಸ್ ಮಾಡಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮೇಜಿನ ಮೇಲಿಟ್ಟೆ. ಓದಿದರು. "ಸರಿ, ಆದರೂ ಏನಾದರೂ ಒಂದು ಹಳೇ ದಾಖಲೆ ಇದ್ದರೆ ನಮಗೂ ಧೈರ್ಯ" ಎಂದರು. ಅವರ ಮೇಲೆ ಸಿಟ್ಟೂ ಬರಲಿಲ್ಲ. ಅವರಿಗೂ ಮೇಲಿನವರ ಭಯ. ನಮ್ಮ ವನ್ಯಧಾಮವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ವರ್ಷಗಳಿಂದ ತೂಗಾಡುತ್ತಿರುವಾಗ ದನದ ಹಕ್ಕಿಗೆ ಸಹಿ ಹಾಕುವ ಕೈ ಯಾವುದು?

ಅದಕ್ಕೇ ಹಳೇ ಕಾಗದ ಹುಡುಕುತ್ತಿದ್ದೆ. ಹೋದ ವಾರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ತಾತನ ಕಂಸಾಳೆಯ ಕೆಳಗೆ, ಒಂದು ಚೀಟಿ ಸಿಕ್ಕಿತು. ಮೇವಿನ ಸುಂಕ ಕಟ್ಟಿದ ರಸೀದಿಯಂತೆ ಕಾಣುತ್ತದೆ. ಒಂದು ಮುದ್ರೆ ಇದೆ, 12 ಎಂಬ ಅಂಕಿ ಇದೆ. ದನದ ಲೆಕ್ಕವಿರಬೇಕು. ಉಳಿದದ್ದೆಲ್ಲ ತಮಿಳು. ನೀನು ಕೇಳಿದೆಯಲ್ಲ, ಕನ್ನಡದವರೋ ತಮಿಳರೋ ಅಂತ. ನನಗೆ ತಮಿಳು ಮಾತಾಡಲು ಬರುತ್ತದೆ, ಸಂತೆಯಲ್ಲಿ ಚೌಕಾಸಿ ಮಾಡಲು ಬರುತ್ತದೆ, ಬೈಯಲಂತೂ ಚೆನ್ನಾಗಿ ಬರುತ್ತದೆ. ಓದಲು ಮಾತ್ರ ಒಂದಕ್ಷರವೂ ಬಾರದು. ಅಪ್ಪನಿಗೂ ಬಾರದು. ಓದಬಲ್ಲವರು ಗೆರೆಯ ಆಚೆ ಇದ್ದಾರೆ, ಆದರೆ ಇದನ್ನು ಹಿಡಿದುಕೊಂಡು ಚೆಕ್‌ಪೋಸ್ಟ್ ದಾಟಲು ಸಮಿತಿಯ ಹಿರಿಯರು ಬಿಡುತ್ತಿಲ್ಲ. ಇರುವುದೊಂದೇ ಚೀಟಿ.

ನಿನ್ನ ಆಫೀಸಿನಲ್ಲಿ ತಮಿಳು ಓದುವವರು ಇದ್ದೇ ಇರುತ್ತಾರೆ. ಫೋಟೋ ಕಳಿಸುತ್ತಿದ್ದೇನೆ, ನಾಲ್ಕು ಸಲ ತೆಗೆದಿದ್ದೇನೆ, ಕೊನೆಯದು ಸ್ವಲ್ಪ ಸ್ಪಷ್ಟವಾಗಿದೆ. ಊರಿನ ಹೆಸರು ಇದೆಯಾ ಕೇಳು. ಮುಖ್ಯವಾಗಿ ಮೇಲಿನ ಮೂಲೆಯ ಇಸವಿ. 19 ಇದೆ, ಕೊನೆಯಲ್ಲಿ 8 ಇದೆ, ನಡುವಿನ ಅಂಕಿಯ ಮೇಲೆ ಇಲಿ ಹಲ್ಲು ಹಾಕಿದೆ. ನನಗೆ ಅದು ಬೆಳಿಗ್ಗೆ 2ರಂತೆ ಕಾಣುತ್ತದೆ, ಸಂಜೆ ಲೈಟಿನಲ್ಲಿ 3ರಂತೆ.